ಆಫೀಸ್ ವೈಫೈಯಲ್ಲಿ ವೆಬ್‌ಸೈಟ್, ಮೇಲ್ ನೋಡಿಕೊಳ್ಳುವ ಸಿಪ್ಯಾನೆಲ್ ಪುಟ ತೆರೆಯುತ್ತಿಲ್ಲ, ಔಟ್‌ಲುಕ್ ಪದೇ ಪದೇ ಪಾಸ್‌ವರ್ಡ್ ಕೇಳುತ್ತಿದೆ. ಏನು ಮಾಡಲಿ?

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಮಾತನ್ನು ಸುಮ್ನೆ ಹಾಗೇ ಹೇಳಿಬಿಟ್ಟಿದ್ದೀರಿ: "ಫೋನಿನ ಡೇಟಾದಲ್ಲಿ ಮಾತ್ರ ಎಲ್ಲಾ ತೆರೆಯುತ್ತೆ." ನಿಮ್ಮ ತೊಂದರೆಯ ಗುಟ್ಟು ಅಲ್ಲೇ ಇದೆ.

ಸೋಮವಾರ 'ಇನ್ಫೋ' ಮೇಲ್ ಐಡಿಯ ಪಾಸ್‌ವರ್ಡ್ ಬದಲಾಯಿಸಿದಿರಿ. ಮಂಗಳವಾರದಿಂದ ಆಫೀಸಿನಲ್ಲಿ ಔಟ್‌ಲುಕ್ ಪಾಸ್‌ವರ್ಡ್ ಕೇಳುವುದನ್ನು ನಿಲ್ಲಿಸಿಲ್ಲ, ಸಿಪ್ಯಾನೆಲ್ ಪುಟ ಸುತ್ತುತ್ತಲೇ ಇರುತ್ತದೆ. ಅದಕ್ಕೆ ಫೋನಿನಿಂದ ಮತ್ತೆ ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದ್ದೀರಿ. ದಯವಿಟ್ಟು ಇನ್ನೊಂದು ಸಲ ಬದಲಾಯಿಸಬೇಡಿ. ನಿಮ್ಮ ಪಾಸ್‌ವರ್ಡ್ ಸರಿಯಾಗಿಯೇ ಇರಬೇಕು. ಅದು ಸರ್ವರ್‌ವರೆಗೆ ಹೋಗುತ್ತಲೇ ಇಲ್ಲ, ಅಷ್ಟೇ.

ಆಗಿರುವುದು ಬಹುಶಃ ಇದು. ನಿಮ್ಮ ವೆಬ್‌ಸೈಟ್, ಮೇಲ್ ಇರುವ ಹೋಸ್ಟಿಂಗ್ ಸರ್ವರ್‌ನಲ್ಲಿ ಫೈರ್‌ವಾಲ್ ಎಂಬ ಒಂದು ಕಾವಲು ಇರುತ್ತದೆ. ಒಂದೇ ಐಪಿಯಿಂದ (ಇಂಟರ್ನೆಟ್‌ನಲ್ಲಿ ನಿಮ್ಮ ಕನೆಕ್ಷನ್‌ನ ವಿಳಾಸದ ನಂಬರ್) ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಬಂದರೆ, ಯಾರೋ ಕಳ್ಳರು ಬೀಗ ತೆಗೆಯಲು ನೋಡುತ್ತಿದ್ದಾರೆ ಎಂದುಕೊಂಡು ಆ ಐಪಿಯನ್ನೇ ಬ್ಲಾಕ್ ಮಾಡುತ್ತದೆ. ನಿಮ್ಮ ಆಫೀಸಿನ ಹತ್ತು ಕಂಪ್ಯೂಟರ್ ಹೊರಗಿನವರಿಗೆ ಕಾಣುವುದು ಒಂದೇ ಐಪಿಯಾಗಿ. ಒಂದು ಯಂತ್ರ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಬಾಗಿಲು ಬಡಿಯುತ್ತಿದ್ದರೆ ಸಾಕು, ಎಲ್ಲರೂ ಹೊರಗೆ. ಸರ್ವರ್ ಸಿಗದೇ ಹೋದರೂ ಔಟ್‌ಲುಕ್ ಎಷ್ಟೋ ಸಲ ಅದೇ ಪಾಸ್‌ವರ್ಡ್ ಪೆಟ್ಟಿಗೆಯನ್ನು ಮುಂದಿಡುತ್ತದೆ. ನಾವು ಪಾಸ್‌ವರ್ಡೇ ತಪ್ಪು ಅಂದುಕೊಂಡು ಮತ್ತೆ ಬದಲಾಯಿಸುತ್ತೇವೆ. ಒಂದು ಹಳೆಯ ಪಾಸ್‌ವರ್ಡ್ ಇದ್ದದ್ದು ನಾಲ್ಕಾಗುತ್ತದೆ!

ಖಾತ್ರಿ ಮಾಡಿಕೊಳ್ಳಲು ಆಫೀಸ್ ವೈಫೈಯಲ್ಲೇ ನಿಮ್ಮ ವೆಬ್‌ಸೈಟ್ ತೆರೆದು ನೋಡಿ. ಅದೂ ತೆರೆಯದೆ, ಬೇರೆ ಸೈಟುಗಳೆಲ್ಲ ತೆರೆದರೆ ಐಪಿ ಬ್ಲಾಕ್ ಆಗಿದೆ ಎಂದೇ ಲೆಕ್ಕ. (ಸೈಟ್ ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆಯ ಹಿಂದೆ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಬ್ಲಾಕ್ ಆದರೂ ಸೈಟ್ ತೆರೆಯುತ್ತದೆ.) ಸೈಟ್ ತೆರೆದು ಸಿಪ್ಯಾನೆಲ್ ಮಾತ್ರ ತೆರೆಯದಿದ್ದರೆ ನಿಮ್ಮ ಆಫೀಸಿನ ರೂಟರ್ ಸಿಪ್ಯಾನೆಲ್ ಬಳಸುವ 2083 ಪೋರ್ಟನ್ನು (ಸರ್ವರ್‌ನ ಬಾಗಿಲಿನ ನಂಬರ್) ತಡೆದಿರಬಹುದು. ಆಗ ವಿಳಾಸದ ಕೊನೆಗೆ 2083 ಹಾಕುವ ಬದಲು ಡೊಮೇನ್ ಹೆಸರಿನ ಮುಂದೆ 'ಸಿಪ್ಯಾನೆಲ್' ಮತ್ತು ಒಂದು ಚುಕ್ಕಿ ಸೇರಿಸಿ ನೋಡಿ. ಅದು ವೆಬ್‌ಸೈಟ್‌ಗಳ ಮಾಮೂಲಿ 443ರ ದಾರಿಯಲ್ಲೇ ಹೋಗುತ್ತದೆ. ಹೆಚ್ಚಿನ ಹೋಸ್ಟಿಂಗ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ.

ಈಗ ಹೋಸ್ಟಿಂಗ್‌ನವರ ಸಪೋರ್ಟ್‌ಗೆ ಟಿಕೆಟ್ (ದೂರು) ಹಾಕಿ. ಅದರಲ್ಲಿ ನಿಮ್ಮ ಆಫೀಸಿನ ಪಬ್ಲಿಕ್ ಐಪಿ ಬರೆಯಬೇಕು. ಆಫೀಸ್ ವೈಫೈಯಲ್ಲಿದ್ದುಕೊಂಡು ಗೂಗಲ್‌ನಲ್ಲಿ 'ವಾಟ್ ಈಸ್ ಮೈ ಐಪಿ' ಎಂದು ಹುಡುಕಿದರೆ ಸಿಗುತ್ತದೆ. 192.168 ಎಂದು ಶುರುವಾಗುವುದನ್ನು ಕಳಿಸಬೇಡಿ, ಅದು ನಿಮ್ಮ ಆಫೀಸಿನ ಒಳಗಿನ ನಂಬರ್. "ಅನ್‌ಬ್ಲಾಕ್ ಮಾಡಿ" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಯಾವ ಮೇಲ್ ಐಡಿ ಫೇಲ್ ಆಗುತ್ತಿದೆ, ಐಮ್ಯಾಪಾ (ಮೇಲ್ ತೆಗೆದುಕೊಳ್ಳುವ ದಾರಿ) ಎಸ್‌ಎಂಟಿಪಿಯಾ (ಕಳಿಸುವ ದಾರಿ), ಲಾಗ್ (ಸರ್ವರ್‌ನ ದಾಖಲೆ) ನೋಡಿ ಹೇಳಿ ಎಂದು ಕೇಳಿ. ಅದು ಗೊತ್ತಾಗದೆ ಅನ್‌ಬ್ಲಾಕ್ ಮಾಡಿಸಿಕೊಂಡರೆ ಅರ್ಧ ಗಂಟೆಯಲ್ಲಿ ಮತ್ತೆ ಬ್ಲಾಕ್.

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಒಬ್ಬ ಆಡಿಟರ್ ಆಫೀಸಿನ ವೆಬ್‌ಸೈಟ್, ಮೇಲ್ ಎಲ್ಲ ನಾನೇ ನೋಡಿಕೊಳ್ಳುತ್ತಿದ್ದೆ. ಜುಲೈ ಕೊನೆ, ರಿಟರ್ನ್ಸ್ ಫೈಲ್ ಮಾಡುವ ಗಡಿಬಿಡಿ. ಹೀಗೇ ಬ್ಲಾಕ್ ಆಯಿತು. ಅನ್‌ಬ್ಲಾಕ್ ಮಾಡಿಸಿದೆ. ಮಧ್ಯಾಹ್ನ ಮತ್ತೆ ಬ್ಲಾಕ್. ಎಲ್ಲರ ಫೋನ್ ಕಿತ್ತುಕೊಂಡು ನೋಡಿದೆ, ಎಲ್ಲದರಲ್ಲೂ ಹೊಸ ಪಾಸ್‌ವರ್ಡೇ ಇತ್ತು. ಮೂರನೇ ಸಲ ಸಪೋರ್ಟ್‌ನವರು ಲಾಗ್‌ನ ನಾಲ್ಕು ಸಾಲು ಕಳಿಸಿದರು. ಬರೀ ಎಸ್‌ಎಂಟಿಪಿ. ಐಮ್ಯಾಪ್‌ನ ಸುಳಿವೇ ಇಲ್ಲ. ಫೋನೋ ಕಂಪ್ಯೂಟರೋ ಆಗಿದ್ದರೆ ಮೇಲ್ ತೆಗೆದುಕೊಳ್ಳಲೂ ನೋಡಬೇಕಲ್ವಾ? ಇದು ಬರೀ ಕಳಿಸುವ ಯಂತ್ರ. ತಲೆ ಎತ್ತಿದರೆ ಎದುರಿಗೇ ಇತ್ತು: ಮೂಲೆಯ ಜೆರಾಕ್ಸ್ ಮಷಿನ್. ಸ್ಕ್ಯಾನ್ ಮಾಡಿದ್ದನ್ನು ನೇರ ಮೇಲ್‌ಗೆ ಕಳಿಸುವ ಹಾಗೆ ಯಾವಾಗಲೋ ಸೆಟ್ ಮಾಡಿದ್ದರು. ಹುಡುಗ ಫಾರ್ಮ್ 16 ಸ್ಕ್ಯಾನ್ ಮಾಡಲು ಇಟ್ಟಾಗಲೆಲ್ಲ ಅದು ಹಳೆಯ ಪಾಸ್‌ವರ್ಡ್ ಕೊಡುತ್ತಿತ್ತು, ಸರ್ವರ್ ಬೇಡ ಅಂದರೆ ಮತ್ತೆ ಕೊಡುತ್ತಿತ್ತು. ಆ ಮಷಿನ್‌ನ ಪುಟ್ಟ ಪರದೆಯಲ್ಲಿ ಬಾಣದ ಬಟನ್ ಒತ್ತಿ ಒತ್ತಿ ಹದಿನಾಲ್ಕು ಅಕ್ಷರದ ಪಾಸ್‌ವರ್ಡ್ ತುಂಬುವ ಹೊತ್ತಿಗೆ ಟೀ ಆರಿಹೋಗಿತ್ತು.

ಹಾಗಾಗಿ ನಿಮ್ಮಲ್ಲೂ ಹುಡುಕಿ. ಡ್ರಾಯರ್‌ನಲ್ಲಿ ಚಾರ್ಜಿಗೆ ಹಾಕಿಟ್ಟ ಹಳೆಯ ಫೋನ್, ರಿಸೆಪ್ಷನ್‌ನ ಟ್ಯಾಬ್, ಬಿಲ್ಲಿಂಗ್ ಸಾಫ್ಟ್‌ವೇರ್, ಮೇಲ್‌ನಲ್ಲಿ ಅಲರ್ಟ್ ಕಳಿಸುವ ಸಿಸಿಟಿವಿ ಪೆಟ್ಟಿಗೆ, ಎಲ್ಲವೂ ಅನುಮಾನಕ್ಕೆ ಅರ್ಹ. ಐಮ್ಯಾಪ್ ಎಂದು ಬಂದರೆ ಫೋನ್, ಕಂಪ್ಯೂಟರ್ ಕಡೆ ನೋಡಿ. ಬರೀ ಎಸ್‌ಎಂಟಿಪಿ ಎಂದರೆ ಯಂತ್ರಗಳ ಕಡೆ.

ರೂಟರ್ ಆಫ್ ಮಾಡಿ ಆನ್ ಮಾಡಿದರೆ ಕೆಲವೊಮ್ಮೆ ಐಪಿ ಬದಲಾಗಿ ಎಲ್ಲ ಸರಿಹೋದ ಹಾಗೆ ಕಾಣುತ್ತದೆ. ತುರ್ತಿಗೆ ಪರವಾಗಿಲ್ಲ, ಆದರೆ ಕಳ್ಳ ಒಳಗೇ ಇರುತ್ತಾನೆ. ಬದಲಾಗದ ಸ್ಟ್ಯಾಟಿಕ್ ಐಪಿ ತೆಗೆದುಕೊಂಡಿದ್ದರೆ ಅದೂ ಆಗುವುದಿಲ್ಲ.

ಇನ್ನು, ಪುಟ ತೆರೆದು "ಲಾಗಿನ್ ಇನ್‌ವ್ಯಾಲಿಡ್" ಎಂದು ಬರುತ್ತಿದ್ದರೆ ಕಥೆ ಬೇರೆ. ಜಾಸ್ತಿ ಜನ ಎಡವುವುದು ಇಲ್ಲಿ. ನಿಮ್ಮ ಹತ್ತಿರ ಮೂರು ಕೀಲಿಗಳಿವೆ. ಹೋಸ್ಟಿಂಗ್ ಕಂಪನಿಯ ಬಿಲ್ ಕಟ್ಟುವ ಖಾತೆಗೆ ಒಂದು, ಸಿಪ್ಯಾನೆಲ್‌ಗೆ ಒಂದು, ಪ್ರತಿ ಮೇಲ್ ಐಡಿಗೆ ಒಂದೊಂದು. ಒಂದನ್ನು ಬದಲಾಯಿಸಿದರೆ ಇನ್ನೊಂದು ಬದಲಾಗುವುದಿಲ್ಲ. ಸಿಪ್ಯಾನೆಲ್ ಯೂಸರ್‌ನೇಮ್ ಸಾಮಾನ್ಯವಾಗಿ ಡೊಮೇನ್ ಹೆಸರಿನಿಂದ ಕತ್ತರಿಸಿದ ಚಿಕ್ಕ ಪದ, ಹೋಸ್ಟಿಂಗ್ ತೆಗೆದುಕೊಂಡಾಗ ಬಂದ ಮೊದಲ ಮೇಲ್‌ನಲ್ಲಿ ಇರುತ್ತದೆ. ಮೇಲ್‌ಗಾದರೆ ಬರೀ 'ಇನ್ಫೋ' ಎಂದರೆ ಸಾಲದು, ಪೂರ್ತಿ ವಿಳಾಸ ಬೇಕು. ಔಟ್‌ಲುಕ್‌ನಲ್ಲಿ ಪೋರ್ಟ್ ನಂಬರ್ ಐಮ್ಯಾಪ್‌ಗೆ 993, ಎಸ್‌ಎಂಟಿಪಿಗೆ 465 ಇದೆಯಾ ಅಂತಲೂ ಒಮ್ಮೆ ನೋಡಿಬಿಡಿ.

ಟಿಕೆಟ್‌ಗೆ ಉತ್ತರ ಬಂದ ಮೇಲೆ ಲಾಗ್‌ನಲ್ಲಿ ಯಾವ ಐಡಿ, ಯಾವ ಸರ್ವೀಸ್ ಎಂದು ಇಲ್ಲೇ ಬರೆಯಿರಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ, ಹಾಗೆ ಬರೆದವರನ್ನೂ ನೋಡಿದ್ದೇನೆ.