ಓದುಗರ ಪ್ರಶ್ನೆ: ಮಗನನ್ನು ಸೆಗೆಡ್‌ಗೆ ಕಳಿಸಬಹುದೇ?

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಮಗ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿದ್ದಾನೆ. ಈಗ ಹಂಗೇರಿ ದೇಶದ ಸೆಗೆಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ ಕೂಡ ಇದೆ. ಬೆಂಗಳೂರಿನಲ್ಲಿರುವ ನಮ್ಮ ಮೈದುನ, "ಅದರ ಹೆಸರು ಯಾರು ಕೇಳ್ಯಾರ? ವರ್ಷಕ್ಕ ಎಷ್ಟು ಪೇಪರ್ ಬರ್ತಾವ ನೋಡ್ರಿ, ದೊಡ್ಡ ಯುನಿವರ್ಸಿಟಿಗಳ ಮುಂದ ಏನೂ ಅಲ್ಲ" ಅನ್ನುತ್ತಾರೆ. ಈ ಪೇಪರ್ ಲೆಕ್ಕ ನೋಡಿಯೇ ತೀರ್ಮಾನ ಮಾಡಬೇಕಾ?
— ಒಬ್ಬ ತಾಯಿ, ಜಮಖಂಡಿ ತಾಲೂಕು

ಉತ್ತರ: ಅಕ್ಕಾವ್ರೇ, ನಿಮ್ಮ ಮೈದುನರಿಗೆ ಮಗನ ಮೇಲಿನ ಕಾಳಜಿ ಕಾಣುತ್ತದೆ. ಆದರೆ ಅವರು ಹೇಳುವ ಪೇಪರ್ ಲೆಕ್ಕದಿಂದ, ಅಂದರೆ ವರ್ಷಕ್ಕೆ ಎಷ್ಟು ಸಂಶೋಧನಾ ಲೇಖನ ಪ್ರಕಟವಾದವು ಅನ್ನುವ ಎಣಿಕೆಯಿಂದ, ನಿಮ್ಮ ಮಗನಿಗೆ ಉಪಯೋಗ ಕಡಿಮೆ. ಬೆಳಗಾವಿಯ ಕಾಲೇಜೊಂದರ ಲೈಬ್ರರಿಯಲ್ಲೇ ನನ್ನ ನೌಕರಿ ಕಳೆಯಿತು. ವಿಜ್ಞಾನ ಪತ್ರಿಕೆಗಳನ್ನು ತರಿಸುವುದು, ಬೈಂಡ್ ಮಾಡಿಸುವುದು, ಕೇಳಿದವರಿಗೆ ಹುಡುಕಿ ಕೊಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಈ ಲೆಕ್ಕ ಹೇಗೆ ಹುಟ್ಟುತ್ತದೆ ಅಂತ ಬಲ್ಲೆ.

ಒಂದು ಉದಾಹರಣೆ ನೋಡಿ. 2015ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಹಿಗ್ಸ್ ಎಂಬ ಅತಿಸೂಕ್ಷ್ಮ ಕಣದ ತೂಕದ ಬಗ್ಗೆ ಒಂದು ಲೇಖನ ಬಂತು. ಅದಕ್ಕೆ 5,154 ಲೇಖಕರು! 33 ಪುಟಗಳಲ್ಲಿ 24 ಪುಟ ಬರೀ ಹೆಸರು, ಸಂಸ್ಥೆಗಳ ಪಟ್ಟಿ. ಕೆಲಸವೇನೋ ಬಹಳ ದೊಡ್ಡದು, ಅಷ್ಟು ಜನ ನಿಜವಾಗಿ ದುಡಿದಿದ್ದಾರೆ. ಆದರೆ ಅಲ್ಲಿ ಒಬ್ಬ ಲೇಖಕ ಇರುವ ವಿಶ್ವವಿದ್ಯಾಲಯವೂ ತನ್ನ ಖಾತೆಗೆ ಒಂದು ಪೇಪರ್ ಬರೆದುಕೊಳ್ಳಬಹುದು. ಮೂರು ವರ್ಷ ಒಬ್ಬಳೇ ಹುಡುಗಿ ಹೊಲದಲ್ಲಿ ನಿಂತು ಬರೆದದ್ದೂ ಒಂದೇ ಪೇಪರ್. ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ತಾವು ಮಾಡುವ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಒಂದು ಪೇಪರನ್ನು ಅದರ ಸಂಸ್ಥೆಗಳಿಗೆಲ್ಲ ಪಾಲು ಹಂಚಿ ಎಣಿಸುವ ಕ್ರಮ ತಂದರು. ಅದು ಎಷ್ಟೋ ವಾಸಿ. ಆದರೂ ವಿಶ್ವವಿದ್ಯಾಲಯ ದೊಡ್ಡದಾದರೆ ಲೆಕ್ಕ ದೊಡ್ಡದು, ಮೆಡಿಕಲ್ ಕಾಲೇಜು ಇದ್ದರೆ ಇನ್ನೂ ದೊಡ್ಡದು. ನಿಮ್ಮ ಮಗ ಕೂರುವ ಪ್ರಯೋಗಾಲಯ ಹೇಗಿದೆ ಅಂತ ಅದರಿಂದ ತಿಳಿಯುವುದಿಲ್ಲ.

ಇನ್ನು "ಹೆಸರು ಯಾರು ಕೇಳ್ಯಾರ" ಅನ್ನುವ ಮಾತು. ಇದಕ್ಕೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡಬೇಕು, ಯಾಕೆಂದರೆ ಸೆಗೆಡ್ ನನಗೆ ಇಷ್ಟವಾದ ಊರು. ನೋಡಿಲ್ಲ, ಓದಿ ಬಲ್ಲೆ.

ಅದು ತಿಸಾ ನದಿಯ ದಂಡೆಯ ಊರು. ಕೆಂಪು ಮೆಣಸಿನಕಾಯಿಗೆ ಹೆಸರುವಾಸಿ. ನಮ್ಮ ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ. 1930ರ ದಶಕದ ಆರಂಭದಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಎಂಬ ಪ್ರಾಧ್ಯಾಪಕರಿದ್ದರು. ಅದಕ್ಕೂ ಮೊದಲು ಕೇಂಬ್ರಿಜ್‌ನಲ್ಲಿದ್ದಾಗ ಅವರು ದನದ ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಒಂದು ಬಿಳಿ ಪುಡಿ ತೆಗೆದಿದ್ದರು. ಅದು ಸಿ ಜೀವಸತ್ವವೇ ಇರಬಹುದೇ ಅಂತ ಪರೀಕ್ಷಿಸಬೇಕಿತ್ತು. ಆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಸೆಗೆಡ್‌ನಲ್ಲಿ ಒಂದು ರಾತ್ರಿ ಊಟಕ್ಕೆ ಹೆಂಡತಿ ಒಣಗಿಸದ ಕೆಂಪು ಮೆಣಸಿನಕಾಯಿ ಬಡಿಸಿದರು. ತಿನ್ನಲು ಮನಸ್ಸಿರಲಿಲ್ಲ, ಅದನ್ನೇ ಲ್ಯಾಬಿಗೆ ಒಯ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕೆಲವೇ ವಾರಗಳಲ್ಲಿ ಕಿಲೋಗೂ ಜಾಸ್ತಿ ಶುದ್ಧ ಪುಡಿ ಕೈಗೆ ಬಂತು. ಲಿಂಬೆ ಬೆಳೆಯುವ ನಮ್ಮ ಇಂಡಿ ಸೀಮೆಯವರಿಗೆ ಆಶ್ಚರ್ಯವಾಗಬಹುದು, ತೂಕಕ್ಕೆ ತೂಕ ನೋಡಿದರೆ ಲಿಂಬೆಹಣ್ಣಿಗಿಂತ ಹಸಿಯಾದ ಕೆಂಪು ಮೆಣಸಿನಲ್ಲೇ ಸಿ ಜೀವಸತ್ವ ಜಾಸ್ತಿ. ಆ ಪುಡಿಯನ್ನು ಅವರು ಬರ್ಮಿಂಗ್‌ಹ್ಯಾಮ್‌ನ ಹಾವರ್ತ್ ಎಂಬ ರಸಾಯನ ವಿಜ್ಞಾನಿಗೂ ಕಳಿಸಿದರು, ಅದರ ರಾಸಾಯನಿಕ ರಚನೆ ಅಲ್ಲಿ ಬಿಡಿಸಲಾಯಿತು. 1937ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇವರಿಗೆ ವೈದ್ಯಶಾಸ್ತ್ರದಲ್ಲಿ, ಹಾವರ್ತ್‌ಗೆ ರಸಾಯನಶಾಸ್ತ್ರದಲ್ಲಿ.

ಇದು ಹಳೆಯ ಕಥೆ ಅಂತ ಮೈದುನರು ಹೇಳಿದರೆ ಕಟಲಿನ್ ಕರಿಕೊ ಅವರ ಹೆಸರು ಹೇಳಿ. ಕಟುಕ ವೃತ್ತಿಯ ತಂದೆಯ ಮಗಳು. ನಲ್ಲಿ ನೀರೂ ಇಲ್ಲದ ಮನೆಯಲ್ಲಿ ಬೆಳೆದವರು. ಸೆಗೆಡ್‌ನಲ್ಲೇ ಓದಿ 1982ರಲ್ಲಿ ಪಿಎಚ್.ಡಿ. ಪಡೆದರು. ಅದೇ ಊರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಆರ್‌ಎನ್‌ಎ ಎಂಬ ಜೀವಕೋಶದೊಳಗಿನ ಅಣುವಿನ ಮೇಲೆ ಕೆಲಸ ಮಾಡುತ್ತಿದ್ದರು. ಹಣ ನಿಂತಿತು. 1985ರಲ್ಲಿ ಗಂಡ, ಪುಟ್ಟ ಮಗಳ ಜೊತೆ ಅಮೆರಿಕಕ್ಕೆ ಹೋದರು. ಇದ್ದಷ್ಟು ದುಡ್ಡನ್ನು ಮಗಳ ಗೊಂಬೆ ಕರಡಿಯೊಳಗೆ ಹೊಲಿದು ಒಯ್ದರು. ಅಲ್ಲೂ 1995ರಲ್ಲಿ ಹುದ್ದೆಯಿಂದ ಕೆಳಗಿಳಿಸಿದರು. 2005ರಲ್ಲಿ ಡ್ರೂ ವೈಸ್‌ಮನ್ ಎಂಬ ಸಹೋದ್ಯೋಗಿ ಜೊತೆ ಅದೇ ಅಣುವಿನ ಬಗ್ಗೆ ಬರೆದ ಲೇಖನದತ್ತ ಮೊದಮೊದಲು ಹೆಚ್ಚು ಜನ ತಿರುಗಿ ನೋಡಲಿಲ್ಲ. ಕೋವಿಡ್ ಬಂದಾಗ ಎಂಆರ್‌ಎನ್‌ಎ ಲಸಿಕೆಗಳು ನಿಂತದ್ದು ಆ ಲೇಖನದ ಮೇಲೆ. 2023ರಲ್ಲಿ ನೊಬೆಲ್.

ಗಮನಿಸಿ, ಆ 2005ರ ಲೇಖನ ಸೆಗೆಡ್‌ನ ಖಾತೆಯಲ್ಲಿ ಇಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಖಾತೆಯಲ್ಲಿದೆ. ಆದರೆ ಆರ್‌ಎನ್‌ಎ ಕೈಯಲ್ಲಿ ಹಿಡಿಯಲು ಅವರು ಕಲಿತದ್ದು ಎಲ್ಲಿ? ಕಲಿತು ಹೊರಟವರು ಮುಂದೆ ಏನು ಮಾಡಿದರು ಅನ್ನುವುದು ಯಾವ ವಾರ್ಷಿಕ ಪಟ್ಟಿಯಲ್ಲೂ ಸಿಗುವುದಿಲ್ಲ. ನನಗೆ ಇದರ ಬಗ್ಗೆ ನಿಜವಾಗಿ ಬೇಸರವಿದೆ. ನಮ್ಮ ಕಡೆಯ ಜಾಣ ಹುಡುಗರು ಪಟ್ಟಿ ನೋಡಿ ಒಳ್ಳೆಯ ಗುರುಗಳನ್ನು ಬಿಟ್ಟುಕೊಡುವುದನ್ನು ಕಂಡಿದ್ದೇನೆ.

ಹಾಗಂತ ಹಳೆಯ ನೊಬೆಲ್ ನೋಡಿಯೂ ಕಳಿಸಬೇಡಿ. ಮಗನಿಗೆ ಹೀಗೆ ಹೇಳಿ: ತನಗೆ ಗೈಡ್ ಆಗುವ ಪ್ರಾಧ್ಯಾಪಕರ ಕಳೆದ ಐದು ವರ್ಷದ ಲೇಖನಗಳನ್ನು ತೆಗೆದು ಕೂತು ಓದಲಿ. ಹಂಗೇರಿಯಲ್ಲಿ ಸಂಶೋಧಕರ ಬರಹಗಳಿಗೆ ರಾಷ್ಟ್ರೀಯ ದಾಖಲೆ ಪಟ್ಟಿಯೇ ಇದೆ, ಯಾರು ಬೇಕಾದರೂ ನೋಡಬಹುದು. ಓದುವಾಗ ಹೆಸರುಗಳ ಸಾಲು ಗಮನಿಸಲಿ. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿದವರ ಹೆಸರು ಮೊದಲು, ಲ್ಯಾಬಿನ ಮುಖ್ಯಸ್ಥರ ಹೆಸರು ಕೊನೆಗೆ. ಮೊದಲ ಹೆಸರು ವಿದ್ಯಾರ್ಥಿಗಳದ್ದಾಗಿದ್ದರೆ, ಅದೂ ಬೇರೆ ಬೇರೆ ವಿದ್ಯಾರ್ಥಿಗಳದ್ದಾಗಿದ್ದರೆ, ಅಲ್ಲಿ ಹುಡುಗರನ್ನು ಬೆಳೆಸುತ್ತಾರೆ. ಎಲ್ಲದರಲ್ಲೂ ಗುರುಗಳದ್ದೇ ಮೊದಲ ಹೆಸರಾದರೆ ಯೋಚಿಸಬೇಕು. ಆ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ಮೇಲ್ ಬರೆದು, ಗೈಡ್ ವಾರಕ್ಕೆ ಎಷ್ಟು ಸಲ ಮಾತಿಗೆ ಸಿಗುತ್ತಾರೆ, ಎಷ್ಟು ವರ್ಷಕ್ಕೆ ಡಿಗ್ರಿ ಮುಗಿಯಿತು ಅಂತ ಕೇಳಲಿ. ಇದರಲ್ಲಿ ನಾಚಿಕೆ ಏನಿಲ್ಲ.

ಯುರೋಪಿನಲ್ಲೂ ಈ ಎಣಿಕೆಯ ಬಗ್ಗೆ ಬೇಸತ್ತವರಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯ 2023ರಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ವಿಶ್ವವಿದ್ಯಾಲಯ 2024ರಲ್ಲಿ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಲಂಡನ್ನಿನ ಪ್ರಸಿದ್ಧ ಟೈಮ್ಸ್ ಹೈಯರ್ ಎಜುಕೇಶನ್ ರ‍್ಯಾಂಕಿಂಗ್‌ಗೆ ಅಂಕಿಅಂಶ ಕೊಡುವುದನ್ನೇ ನಿಲ್ಲಿಸಿದವು. ಇದನ್ನು ಮೈದುನರಿಗೆ ತೋರಿಸಿ. ಗೈಡ್ ಒಳ್ಳೆಯವರು ಅಂತ ಗೊತ್ತಾದರೆ, ಅಕ್ಕಾವ್ರೇ, ಧೈರ್ಯವಾಗಿ ಕಳಿಸಿ.

ಪ್ರಶ್ನೆ: ನಾನು ವಿಜಯಪುರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಯುರೋಪಿನ ವಿಶ್ವವಿದ್ಯಾಲಯಗಳ ಲೇಖನ ತೆಗೆಯಲು ಹೋದರೆ ಡಾಲರ್‌ನಲ್ಲಿ ದುಡ್ಡು ಕೇಳುತ್ತದೆ. ಬೇರೆ ದಾರಿ ಇದೆಯೇ?
— ವಿದ್ಯಾರ್ಥಿನಿ, ಇಂಡಿ

ಉತ್ತರ: ಇದೆ ತಂಗೀ, ದುಡ್ಡು ಕೊಡಬೇಡ. ಮೊದಲು ನಿನ್ನ ಲೈಬ್ರರಿಯನ್‌ರನ್ನು ಕೇಳು. 2025ರ ಜನವರಿ 1ರಿಂದ ಕೇಂದ್ರದ 'ಒಂದು ದೇಶ, ಒಂದು ಚಂದಾ' ಯೋಜನೆ ನಡೆಯುತ್ತಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸಿಗುತ್ತವೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಲೈಬ್ರರಿ ಜಾಲದ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ನಿಮ್ಮ ಕಾಲೇಜು ಇನ್ನೂ ನೋಂದಣಿ ಮಾಡಿಸಿಲ್ಲ ಅಂದರೆ, ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಮಾಡಿಸು. ಒಬ್ಬಳೇ ಹೋಗಬೇಡ, ತರಗತಿಯವರೆಲ್ಲ ಸಹಿ ಹಾಕಿ ಹೋಗಿ.

ಅಲ್ಲೂ ಸಿಗದಿದ್ದರೆ ಆ ವಿಶ್ವವಿದ್ಯಾಲಯದ ಲೈಬ್ರರಿಯ ಪುಟ ನೋಡು. ಯುರೋಪಿನ ಬಹಳಷ್ಟು ವಿಶ್ವವಿದ್ಯಾಲಯಗಳು ತಮ್ಮವರ ಬರಹದ ಪ್ರತಿಯನ್ನು ಅಲ್ಲಿ ಉಚಿತವಾಗಿ ಇಟ್ಟಿರುತ್ತವೆ. ಅದೂ ಆಗದಿದ್ದರೆ ಲೇಖಕರಿಗೇ ಬರೆ, ಲೇಖನದ ಮೊದಲ ಪುಟದಲ್ಲಿ ಮೇಲ್ ವಿಳಾಸ ಇರುತ್ತದೆ. ನಮ್ಮ ಕಾಲದಲ್ಲಿ ಪೋಸ್ಟ್ ಕಾರ್ಡ್ ಬರೆಯುತ್ತಿದ್ದೆವು, ಪಾಪ, ತಮ್ಮ ಖರ್ಚಿನಲ್ಲೇ ಅಂಚೆಯಲ್ಲಿ ಪ್ರತಿ ಕಳಿಸುತ್ತಿದ್ದರು. ಲೇಖನದ ಪೂರ್ತಿ ಶೀರ್ಷಿಕೆ, ವರ್ಷ, ನಿನಗೆ ಅದು ಯಾಕೆ ಬೇಕು ಅನ್ನುವ ಒಂದು ಸಾಲು, ಕೆಳಗೆ ನಿನ್ನ ಕಾಲೇಜಿನ ಹೆಸರು. ಅಷ್ಟು ಬರೆದರೆ ಸಾಕು.