ಅಪ್ಪನಿಗೆ ನನ್ನ ಷೇರಿನ ದುಡ್ಡು ಬೇಡವಂತೆ

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ದಿನಸಿ, ತರಕಾರಿಯನ್ನು ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಒಂದು ಕಂಪನಿಯಲ್ಲಿ ಕೆಲಸ. ಡೆಲಿವರಿ ಹುಡುಗರಿಗೆ ದಿನಕ್ಕೆ ಎಷ್ಟು ಆರ್ಡರ್ ಆದರೆ ಎಷ್ಟು ಇನ್ಸೆಂಟಿವ್ ಅಂತ ಸ್ಲ್ಯಾಬ್ ಮಾಡುವ ತಂಡದಲ್ಲಿದ್ದೇನೆ. ಅಪ್ಪ ವಿಮಾನ ತಯಾರಿಸುವ ಸರ್ಕಾರಿ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು, 2014ರಲ್ಲಿ ರಿಟೈರ್ ಆದರು. ಅವರಿಗೆ ಯೂನಿಯನ್ ಅಂದರೆ ಪ್ರಾಣ. 1980–81ರ ದೊಡ್ಡ ಮುಷ್ಕರದ ಕತೆ ಕೇಳಿಕೊಂಡೇ ನಾನು ಬೆಳೆದೆ. ಆಗ ಅವರಿಗೆ ಹೊಸದಾಗಿ ಮದುವೆಯಾಗಿತ್ತು. ಅಮ್ಮನ ಬಳೆ ಗಿರವಿ ಅಂಗಡಿ ಸೇರಿತ್ತು.

ಕಂಪನಿ ನನಗೆ ಕೊಟ್ಟಿದ್ದ ಷೇರುಗಳಲ್ಲಿ ಅರ್ಧದಷ್ಟನ್ನು ಈ ವರ್ಷ ಮಾರಿದೆ. ಒಳ್ಳೆಯ ಮೊತ್ತವೇ ಬಂತು. ಅಪ್ಪ–ಅಮ್ಮ ಸ್ವಂತ ಮನೆಯ ಮೊದಲ ಮಹಡಿಯಲ್ಲಿದ್ದಾರೆ, ಕೆಳಗಿನದನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತಿ ಇಳಿಯೋದು ಕಷ್ಟ. ಲಿಫ್ಟ್ ಹಾಕಿಸೋಣ ಅಂದೆ. "ಆ ದುಡ್ಡು ಈ ಮನೆಗೆ ಬೇಡ ಕಣಮ್ಮ" ಅಂದುಬಿಟ್ಟರು ಅಪ್ಪ.

ಇದಕ್ಕೊಂದು ಹಿನ್ನೆಲೆ ಇದೆ. ಮಳೆಗಾಲದಲ್ಲಿ ಒಂದು ರಾತ್ರಿ ಡೆಲಿವರಿಗೆ ಬಂದ ಹುಡುಗ ಪೂರ್ತಿ ನೆನೆದಿದ್ದನಂತೆ. ಅಪ್ಪ ಒಳಗೆ ಕರೆದು ಕಾಫಿ ಕೊಡೋಕೆ ಹೋದರೆ, "ಬೇಡ ಅಂಕಲ್, ಇನ್ನೆರಡು ಆರ್ಡರ್ ಆಗ್ಬೇಕು, ಇಲ್ಲಾಂದ್ರೆ ಇವತ್ತಿನ ಇನ್ಸೆಂಟಿವ್ ಹೋಗುತ್ತೆ" ಅಂತ ಓಡಿದನಂತೆ. ಆ ಲೆಕ್ಕ ಹಾಕುವವಳು ನಾನೇ ಅಂತ ಅಪ್ಪನಿಗೆ ಆಮೇಲೆ ಗೊತ್ತಾಯಿತು. ಅವತ್ತಿನಿಂದ ಭಾನುವಾರ ನಾವು ಊಟಕ್ಕೆ ಹೋದಾಗೆಲ್ಲ ಬಂಡವಾಳಶಾಹಿಯದ್ದೇ ಜಗಳ. ನನ್ನ ಯಜಮಾನರು, "ಮಾವ, ಯಾರೂ ಬಲವಂತ ಮಾಡಿಲ್ಲ, ಆ ಹುಡುಗರೇ ಬಂದು ಸೇರ್ತಾರೆ" ಅನ್ನುತ್ತಾರೆ. ಅಪ್ಪ ಕೆರಳುತ್ತಾರೆ. ಹೋದ ತಿಂಗಳು ನಾನೂ ತಾಳ್ಮೆ ಕಳೆದುಕೊಂಡು, "ನಿಮ್ಮ ಎಚ್‌ಎಎಲ್ಲೇ 2018ರಲ್ಲಿ ಷೇರು ಪೇಟೆಗೆ ಬಂತಲ್ಲಪ್ಪ" ಅಂದುಬಿಟ್ಟೆ. ಈಗ ಮಾತೇ ಇಲ್ಲ. ನಾವು ಹೋದರೆ ಪೇಪರ್ ಹಿಡಿದು ಕೂರುತ್ತಾರೆ. ಅಮ್ಮ ಕಾಫಿ ತಂದಿಟ್ಟು ಒಳಗೆ ಹೋಗುತ್ತಾರೆ.

ನಿಜ ಹೇಳಬೇಕೆಂದರೆ, ರಾತ್ರಿ ಮಲಗಿದಾಗ ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿ ಅನ್ನಿಸುತ್ತದೆ. ಕೆಲಸ ಬಿಡಲಾ? ಅಪ್ಪನಿಗೆ ಹೇಗೆ ಅರ್ಥ ಮಾಡಿಸಲಿ? ಲಾಭ ಮಾಡುವುದೇ ಪಾಪವೇ?

— ಹೆಸರು ಬೇಡ, ಬೆಂಗಳೂರು

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಬದಿಗಿಡೋಣ. ಲಾಭ ಪಾಪವೋ ಪುಣ್ಯವೋ ಅಂತ ಜಗತ್ತು ಇನ್ನೂರು ವರ್ಷದಿಂದ ಜಗಳ ಆಡುತ್ತಿದೆ. ನಿಮ್ಮ ಮನೆಯ ಭಾನುವಾರದ ಊಟದಲ್ಲಿ ಅದು ತೀರ್ಮಾನ ಆಗುವುದಿಲ್ಲ. ಆಗಲೂ ಬೇಕಿಲ್ಲ. ನಿಮ್ಮ ಮುಂದಿರುವುದು ನಿಮ್ಮ ಕೆಲಸ, ನಿಮ್ಮ ಅಪ್ಪ, ಆಮೇಲೆ ಒಂದು ಲಿಫ್ಟು. ಮೂರನ್ನೂ ಒಂದೇ ಗಂಟು ಮಾಡಿಕೊಂಡು ಕೂತಿದ್ದೀರಿ, ಅದಕ್ಕೇ ಬಿಚ್ಚೋಕೆ ಆಗುತ್ತಿಲ್ಲ.

ಅಪ್ಪನ ಸಿಟ್ಟು ಎಲ್ಲಿಂದ ಬಂತು ಅಂತ ನೋಡಿ. ಆ ಮುಷ್ಕರ ನಡೆದದ್ದು 77 ದಿನ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಅನ್ನುವ ಸರ್ಕಾರಿ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಇನ್ನೊಂದು ಸರ್ಕಾರಿ ಕಂಪನಿಯಾದ ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಕೊಡಿ ಅನ್ನುವುದು ಮುಖ್ಯ ಬೇಡಿಕೆ. ಕೇಳಿದ್ದೆಲ್ಲ ಸಿಗಲಿಲ್ಲ. ಆದರೂ ಅಪ್ಪನ ವಯಸ್ಸಿನವರು ಅದನ್ನು ಎದೆ ಉಬ್ಬಿಸಿಯೇ ಹೇಳುತ್ತಾರೆ. ಯಾಕೆ ಅಂದರೆ, ಎದುರು ಕೂತು ಮಾತಾಡೋಕೆ ಒಬ್ಬರು ಇದ್ದರು. ಮ್ಯಾನೇಜ್‌ಮೆಂಟ್ ಬೈಯಲಿ, ಬಿಡಲಿ, ಅದಕ್ಕೆ ಒಂದು ಮುಖ ಇತ್ತು. ಗೇಟಿನ ಹೊರಗೆ ನಿಂತಾಗಲೂ ಇವರು ಕಾರ್ಮಿಕರೇ ಆಗಿದ್ದರು.

ಮಳೆಯಲ್ಲಿ ಬಂದ ಆ ಹುಡುಗನಿಗೆ ಅದಿಲ್ಲ. ಇನ್ಸೆಂಟಿವ್ ಹೋಯಿತು ಅಂದರೆ ಅವನು ಯಾರ ಹತ್ತಿರ ಹೋಗಬೇಕು? ಐಡಿ ಬ್ಲಾಕ್ ಆದರೆ ಯಾರ ಬಾಗಿಲು ತಟ್ಟಬೇಕು? ಆ್ಯಪ್‌ನಲ್ಲಿ ಒಂದು ದೂರು ಹಾಕಬೇಕು, ಕಾಯಬೇಕು. ಕಾಫಿ ಕುಡಿಯೋಕೂ ಪುರುಸೊತ್ತಿಲ್ಲದ ಆ ಓಟದಲ್ಲಿ ಅಪ್ಪನಿಗೆ ಕಂಡದ್ದು ಇದೇ ಇರಬೇಕು. ಅದರ ಆಚೆ ತುದಿಯಲ್ಲಿ ಕೂತಿರುವುದು ತಮ್ಮ ಮಗಳು ಅಂತ ಗೊತ್ತಾದಾಗ ಏನಾಗಿರಬೇಡ! ನೀವು ಅದನ್ನು ಸಿದ್ಧಾಂತದ ಜಗಳ ಅಂದುಕೊಂಡಿದ್ದೀರಿ. ನನಗಂತೂ ಅದು ಅರ್ಧ ನೋವು, ಇನ್ನರ್ಧ ಗಾಬರಿ ಅನ್ನಿಸುತ್ತದೆ.

ಹಾಗಂತ ಅಪ್ಪ ಹೇಳುವುದೆಲ್ಲ ಸರಿ ಅಂತ ನಾನು ಒಪ್ಪಲ್ಲ. ಸರ್ಕಾರಿ ಕಾರ್ಖಾನೆ ಅಂದರೆ ಧರ್ಮ, ಖಾಸಗಿ ಅಂದರೆ ದುರಾಸೆ ಅನ್ನುವ ಗೆರೆ ಅವರ ಎಚ್‌ಎಎಲ್ ವಿಷಯದಲ್ಲೇ ನಿಲ್ಲುವುದಿಲ್ಲ. ಅದನ್ನು 1940ರಲ್ಲಿ ಶುರು ಮಾಡಿದವರು ವಾಲ್‌ಚಂದ್ ಹೀರಾಚಂದ್ ಅನ್ನುವ ಉದ್ಯಮಿ, ಮೈಸೂರು ಸಂಸ್ಥಾನವನ್ನು ಪಾಲುದಾರನಾಗಿ ಇಟ್ಟುಕೊಂಡು. ಲಾಭ ಬರಲಿ ಅಂತಲೇ ಶುರು ಮಾಡಿದ್ದು. 1942ರಲ್ಲಿ, ಯುದ್ಧದ ಮಧ್ಯೆ, ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. ಇನ್ನೂ ಒಂದು ತಮಾಷೆ ನೋಡಿ. 1944ರಲ್ಲಿ ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ ಮುಂತಾದ ದೊಡ್ಡ ಉದ್ಯಮಿಗಳೇ ಕೂತು ಒಂದು ಯೋಜನೆ ಬರೆದರು. ದೇಶದ ಕೈಗಾರಿಕೆ ಬೆಳೆಯಬೇಕಾದರೆ ಸರ್ಕಾರದ ಕೈ ದೊಡ್ಡದಾಗಿಯೇ ಇರಬೇಕು ಅಂದರು. ಬಾಂಬೆ ಪ್ಲಾನ್ ಅಂತಲೇ ಅದಕ್ಕೆ ಹೆಸರು. ಅಂದರೆ ಬಂಡವಾಳಗಾರರಿಗೆ ಸರ್ಕಾರ ಬೇಕಿತ್ತು, ಸರ್ಕಾರಕ್ಕೆ ಬಂಡವಾಳಗಾರರು ಹಾಕಿದ ಅಡಿಪಾಯ ಬೇಕಿತ್ತು. ಈಗ ನಾವು ಎರಡು ಪಕ್ಷ ಮಾಡಿಕೊಂಡು ಬಡಿದಾಡುತ್ತಿದ್ದೇವೆ.

ಅಪ್ಪನ ಕಾಲದಲ್ಲಿ ಗೇಟಿನ ಒಳಗಿದ್ದವರ ಬದುಕು ಭದ್ರ. ಕ್ಯಾಂಟೀನ್, ಕ್ವಾರ್ಟರ್ಸ್, ಆಸ್ಪತ್ರೆ, ಪಿಎಫ್ ಎಲ್ಲ ಇತ್ತು. ಗೇಟಿನ ಹೊರಗಿದ್ದವರ ಕತೆ ಬೇರೆ. ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದವರು, ಟೆಲಿಫೋನ್‌ಗೆ ಅರ್ಜಿ ಹಾಕಿ ಮಗು ಶಾಲೆಗೆ ಹೋಗುವಷ್ಟರಲ್ಲಿ ಸಂಪರ್ಕ ಸಿಕ್ಕವರು ನಿಮ್ಮ ನೆಂಟರಲ್ಲೇ ಇರುತ್ತಾರೆ, ಕೇಳಿ ನೋಡಿ. ಕೆಲಸವೇ ಸಿಗದವರಿಗೆ ಯೂನಿಯನ್ನೂ ಇರಲಿಲ್ಲ. 1991ರ ನಂತರ ಸರ್ಕಾರ ಖಾಸಗಿ ಉದ್ಯಮಕ್ಕೆ ಬಾಗಿಲು ತೆರೆದದ್ದರಿಂದಲೇ ನಿಮ್ಮಂಥ ಸಾವಿರಾರು ಜನ ಫಿಟ್ಟರ್‌ಗಳ, ಗುಮಾಸ್ತರ, ರೈತರ ಮನೆಯಿಂದ ಬಂದು ಇಂಥ ಕೆಲಸಕ್ಕೆ ಸೇರಿದ್ದು. ಇನ್ನು ಸಾರ್ವಜನಿಕ ವಲಯದಲ್ಲಿ ಗುತ್ತಿಗೆ ಕಾರ್ಮಿಕರು ಇಲ್ಲವೇ? ಅದೇ ಶೆಡ್ಡು, ಅದೇ ಕೆಲಸ, ಸಂಬಳ ಮಾತ್ರ ಬೇರೆ. ಇದು ನಿಮ್ಮಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಈಗ ನಿಮ್ಮ ಯಜಮಾನರ ಮಾತು: ಯಾರೂ ಬಲವಂತ ಮಾಡಿಲ್ಲ. ಹೌದು, ಮಾಡಿಲ್ಲ. ಮಳೆ ಕೈಕೊಟ್ಟ ಊರಿಂದ ಬಂದ ಹುಡುಗ ಗಾರೆ ಕೆಲಸಕ್ಕೂ ಹೋಗಬಹುದಿತ್ತು, ಸೆಕ್ಯುರಿಟಿ ಕೆಲಸಕ್ಕೂ ಸೇರಬಹುದಿತ್ತು. ಇದು ಮೇಲು ಅಂತ ಅವನೇ ಲೆಕ್ಕ ಹಾಕಿ ಬಂದ. ಅವನಿಗೆ ಬುದ್ಧಿ ಇಲ್ಲ ಅನ್ನುವ ಹಾಗೆ ನಾವು ಮರುಕ ಪಡುವುದು ಅವನಿಗೇ ಅವಮಾನ. ಆದರೆ ಒಂದು ವಿಷಯವನ್ನು ನಿಮ್ಮವರು ಜಾರಿಸಿಬಿಡುತ್ತಿದ್ದಾರೆ. ಲಾಭವನ್ನು ಸಮರ್ಥಿಸುವವರು ಹೇಳುವ ಮೊದಲ ಕಾರಣ ಏನು? ನಷ್ಟದ ಭಯವನ್ನು ಹೊತ್ತುಕೊಳ್ಳುವವನಿಗೆ ಲಾಭ ಸಿಗಬೇಕು ಅಂತ ಅಲ್ವಾ? ನನಗೂ ಅದು ಒಪ್ಪಿಗೆ. ಹಾಗಿದ್ದರೆ ನೋಡಿ: ಬೈಕ್ ಆ ಹುಡುಗನದು, ಪೆಟ್ರೋಲ್ ಅವನದು, ಜಾರಿ ಬಿದ್ದರೆ ಮೊಣಕೈ ಅವನದು. ಆರ್ಡರ್ ಕಮ್ಮಿಯಾದ ದಿನದ ನಷ್ಟವೂ ಅವನದು. ಭಯದಲ್ಲಿ ಒಂದು ಪಾಲು ಅವನ ಹೆಗಲ ಮೇಲಿದೆ. ಷೇರು ಮಾತ್ರ ನಿಮ್ಮ ಡಿಮ್ಯಾಟ್ ಖಾತೆಯಲ್ಲಿದೆ. ನೀವು ಷೇರು ಪಡೆದದ್ದು ತಪ್ಪಲ್ಲ. ಈ ಲೆಕ್ಕದಲ್ಲಿ ಬಾಕಿ ಉಳಿದಿದೆ, ಅಷ್ಟೇ. ರಾತ್ರಿ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಅದೇ ಬಾಕಿ ಅಂತ ನನ್ನ ಅನಿಸಿಕೆ.

(ಈ ಅಂಕಣ ಓದುವ ಉಳಿದವರು ನಗಬೇಡಿ. ಒಗ್ಗರಣೆ ಹಾಕುವ ಹೊತ್ತಿಗೆ ಕೊತ್ತಂಬರಿ ಸೊಪ್ಪಿಲ್ಲ ಅಂತ ಫೋನ್ ತೆಗೆಯುವವರು ನಾವೇ.)

ಕೆಲಸ ಬಿಡಬೇಡಿ, ಸದ್ಯಕ್ಕಂತೂ ಬೇಡ. ನೀವು ಬಿಟ್ಟರೆ ಆ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ, ಅದೇ ಸ್ಲ್ಯಾಬ್ ಮಾಡುತ್ತಾರೆ. ಈ ವಾದವನ್ನು ಕಳ್ಳನೂ ಹೇಳಬಹುದು, ಗೊತ್ತು. ಕುರ್ಚಿಯಲ್ಲಿ ಕೂತು ಏನಾದರೂ ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಹಾಗಾಗಿ ಮುಂದಿನ ಸ್ಲ್ಯಾಬ್ ಮಾಡುವಾಗ ಆ ಮಳೆ ರಾತ್ರಿಯ ಹುಡುಗನ ದಿನವನ್ನು ಹಾಳೆಯ ಮೇಲೆ ಬರೆದು ನೋಡಿ. ಬೆಳಗ್ಗೆಯಿಂದ ಓಡಿದ್ದಾನೆ. ಗುರಿಗೆ ಎರಡು ಆರ್ಡರ್ ಕಮ್ಮಿ. ಆಗ ಇಡೀ ಇನ್ಸೆಂಟಿವ್ ಯಾಕೆ ಹೋಗಬೇಕು? ಆದಷ್ಟಕ್ಕೆ ತಕ್ಕ ಪಾಲು ಯಾಕೆ ಕೊಡಬಾರದು? ಮಳೆ ಜೋರಾದಾಗ ಗುರಿ ತಾನಾಗಿ ಯಾಕೆ ಇಳಿಯಬಾರದು? ಕೊನೆಯ ಎರಡು ಆರ್ಡರ್‌ಗೆ ಸಿಗ್ನಲ್ ಹಾರಿಸುವ ಹಾಗೆ ಮಾಡುವುದು ನಿಮ್ಮ ಎಕ್ಸೆಲ್‌ನ ಒಂದು ಸಾಲು. ಮೀಟಿಂಗ್‌ನಲ್ಲಿ ಇದನ್ನು ಅಪಘಾತದ ಖರ್ಚು, ಹುಡುಗರು ಬಿಟ್ಟುಹೋಗುವುದರ ಖರ್ಚು ಅಂತ ಲೆಕ್ಕದ ಭಾಷೆಯಲ್ಲೇ ಇಡಿ. ಅಲ್ಲಿ ಕರುಣೆಗಿಂತ ಅದು ಬೇಗ ತಲುಪುತ್ತದೆ.

ನಿಮ್ಮ ಬೆನ್ನಿಗೆ ಕಾನೂನೂ ಇದೆ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರ ಕಾಯ್ದೆ ಬಂದಿದೆ. ಹುಡುಗರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣ ಹೇಳದೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಸಾಮಾನ್ಯವಾಗಿ 14 ದಿನ ಮೊದಲು ನೋಟಿಸ್ ಕೊಡಬೇಕು. ಆ್ಯಪ್‌ನ ಲೆಕ್ಕಾಚಾರ ಅವರ ಸಂಪಾದನೆಯ ಮೇಲೆ ಹೇಗೆ ಪರಿಣಾಮ ಮಾಡುತ್ತದೆ ಅಂತ ಅವರಿಗೆ ತಿಳಿಸಬೇಕು. ಈ ಕೊನೆಯದು ನೇರ ನಿಮ್ಮ ತಂಡದ ಕೆಲಸ. ಸ್ಲ್ಯಾಬ್ ಹೇಗೆ ಅಂತ ಆ ಹುಡುಗನಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟ ಬರೆಸಿ. ಇದಕ್ಕೂ ಆಫೀಸಿನವರು ಒಪ್ಪದೆ, ಇನ್ನಷ್ಟು ಮುಚ್ಚಿಡು ಅಂತ ನಿಮಗೇ ಹೇಳಿದರೆ, ಆಗ ಬೇರೆ ಕೆಲಸ ಹುಡುಕಿ. ಅವತ್ತು ನಿಮಗೆ ನನ್ನ ಸಲಹೆಯೂ ಬೇಕಾಗುವುದಿಲ್ಲ.

ಇನ್ನು ಅಪ್ಪ. ಷೇರು ಪೇಟೆಯ ಆ ಮಾತಿಗೆ "ಹಾಗನ್ನಬಾರದಿತ್ತಪ್ಪ" ಅಂತ ಒಂದೇ ಮಾತಲ್ಲಿ ಹೇಳಿಬಿಡಿ. ಹಿಂದೆಯೇ "ಆದರೆ" ಸೇರಿಸಬೇಡಿ. ಕೆಳಗಿನ ಮನೆಯ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ವಿಷಯ ಎತ್ತಿ "ನೀವೂ ಬಂಡವಾಳಗಾರರೇ" ಅಂತ ಚುಚ್ಚಲೇಬೇಡಿ. ನಿಜ ಇರಬಹುದು. ಪಿಎಫ್, ಗ್ರಾಚ್ಯುಟಿ ಕೂಡಿಸಿ ಕಟ್ಟಿದ ಮನೆ ಅವರಿಗೆ ಬೆವರು, ನಿಮ್ಮ ಷೇರು ಅವರ ಕಣ್ಣಿಗೆ ಬೆವರಿಲ್ಲದ ದುಡ್ಡು. ಹಬ್ಬಕ್ಕೆ ನಿಮ್ಮ ಸಂಬಳದಲ್ಲಿ ತಂದ ಸೀರೆ, ಮಿಕ್ಸಿ ಬೇಡ ಅಂದಿದ್ದರಾ? ನಿಮ್ಮ ಪತ್ರದಲ್ಲಿ ಹಾಗೇನೂ ಇಲ್ಲ. ಅವರಿಗೆ ಕಸಿವಿಸಿ ಇರುವುದು ಒಟ್ಟಿಗೆ ಬಂದ ಆ ಮೊತ್ತದ ಬಗ್ಗೆ.

ಅವರಿಗೆ ಅರ್ಥ ಮಾಡಿಸುವ ಕೆಲಸ ಬಿಟ್ಟು, ಅವರಿಂದ ಕೇಳಿಕೊಳ್ಳಿ. ಆಫೀಸಿನ ಗುಟ್ಟಿನ ಕಾಗದ ಬೇಡ. ಹುಡುಗರ ಆ್ಯಪ್‌ನಲ್ಲಿ ಕಾಣುವ ಸ್ಲ್ಯಾಬನ್ನೇ ತೋರಿಸಿ, "ನೀವು ಯೂನಿಯನ್ ಕಡೆಯಿಂದ ಕೂತಿದ್ದರೆ ಇದರಲ್ಲಿ ಮೊದಲು ಯಾವುದಕ್ಕೆ ಪಟ್ಟು ಹಿಡೀತಿದ್ರಿ?" ಅಂತ ಕೇಳಿ. ನಾಟಕಕ್ಕೆ ಕೇಳಬೇಡಿ, ನಿಜಕ್ಕೂ ಅವರಿಗೆ ಆ ವಿದ್ಯೆ ಗೊತ್ತು, ನಿಮ್ಮ ತಂಡದಲ್ಲಿ ಯಾರಿಗೂ ಗೊತ್ತಿಲ್ಲ. ಯಜಮಾನರಿಗೆ ಸ್ವಲ್ಪ ದಿನ ಕ್ರಿಕೆಟ್ ವಿಷಯ ಮಾತಾಡಲು ಹೇಳಿ. ಮಾವನ ಹತ್ತಿರ ವಾದ ಗೆದ್ದ ಅಳಿಯನಿಗೆ ಯಾವ ಊರಲ್ಲೂ ಬಹುಮಾನ ಕೊಟ್ಟಿಲ್ಲ.

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಅಮ್ಮನ ಬಳೆ ಇದೆ, ಮಂಡಿ ಇದೆ, ಕಾಫಿ ಇದೆ. ಅಮ್ಮನ ಮಾತು ಒಂದೂ ಇಲ್ಲ. ಮುಷ್ಕರದಲ್ಲಿ ಬಳೆ ಗಿರವಿ ಇಡುವಾಗ ಅವರನ್ನು ಕೇಳಿದ್ದರೋ ಇಲ್ಲವೋ. ಈಗ ಲಿಫ್ಟ್ ವಿಷಯದಲ್ಲೂ ಬೇಕು ಅನ್ನುವವರು ನೀವು, ಬೇಡ ಅನ್ನುವವರು ಅಪ್ಪ. ಮೆಟ್ಟಿಲು ಹತ್ತುವವರು ಅವರು. ಅಪ್ಪ ವಾಕಿಂಗ್ ಹೋದಾಗ ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿ. ಬಾಡಿಗೆಯವರ ಕರಾರು ಮುಗಿದ ಮೇಲೆ ತಾವೇ ಕೆಳಗೆ ಬಂದು, ಮೇಲಿನದನ್ನು ಬಾಡಿಗೆಗೆ ಕೊಟ್ಟರೆ ಸಾಕು ಅನ್ನಬಹುದು. ಹಾಗಾದರೆ ನಿಮ್ಮ ಷೇರಿನ ದುಡ್ಡಿನ ಪ್ರಶ್ನೆಯೇ ಏಳುವುದಿಲ್ಲ. ಮೇಲೆ ಗಾಳಿ ಬೆಳಕು ಚೆನ್ನಾಗಿದೆ, ತುಳಸಿ ಕಟ್ಟೆ ಬಿಟ್ಟು ಬರಲ್ಲ ಅಂತಲೂ ಅನ್ನಬಹುದು. ಲಿಫ್ಟೇ ಬೇಕು ಅಂದರೆ, ಅಪ್ಪನ ಬಾಡಿಗೆ ದುಡ್ಡು ಸ್ವಲ್ಪ, ನಿಮ್ಮದು ಸ್ವಲ್ಪ ಹಾಕಿ ಮಾಡಿಸಿ. ಎರಡು ಮೂರು ಕಡೆ ಕೊಟೇಶನ್ ತರಿಸಿ ಅಪ್ಪನ ಕೈಗೆ ಕೊಡಿ. ಎಷ್ಟೆಂದರೂ ಫಿಟ್ಟರ್, ಯಾವ ಮೋಟರ್ ಬಾಳಿಕೆ ಬರುತ್ತದೆ ಅಂತ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಯಾರ ಪಾಲು ಎಷ್ಟು ಅಂತ ಆಮೇಲೆ ಮಾತಾಡಿಕೊಳ್ಳಿ.