ದುಬೈಗೆ ಜೀನ್ಸ್ ಕಳಿಸಿದರೆ ಸುಂಕ ಇಲ್ಲವಂತೆ, ಹಾಗಾದರೆ ಲಾಭ ಯಾರಿಗೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು 30 ಮೆಷಿನ್‌ಗಳ ಜೀನ್ಸ್ ಹೊಲಿಗೆ ಘಟಕ. ಇಷ್ಟು ದಿನ ಮುಂಬೈ, ಹೈದರಾಬಾದ್ ವ್ಯಾಪಾರಿಗಳಿಗೆ ಮಾಲು ಕೊಡುತ್ತಿದ್ದೆವು. ಈಗ ದುಬೈನ ಒಬ್ಬರು 2,000 ಪ್ಯಾಂಟ್ ಕೇಳಿದ್ದಾರೆ. ಯುಎಇ ಜೊತೆ ಒಪ್ಪಂದ ಇರುವುದರಿಂದ ಸುಂಕ ಇಲ್ಲ ಎನ್ನುತ್ತಾರೆ. ಇದರಿಂದ ನಮಗೇನು ಸಿಗುತ್ತದೆ? ಬಾಂಗ್ಲಾದೇಶದ ಮಾಲಿನ ಎದುರು ನಾವು ನಿಲ್ಲಬಹುದಾ?

ಉತ್ತರ: ಮೊದಲು ದುಡ್ಡಿನ ಲೆಕ್ಕ ನೋಡೋಣ. ಭಾರತ ಮತ್ತು ಯುಎಇ ಒಪ್ಪಂದಕ್ಕೆ 2022ರ ಫೆಬ್ರುವರಿ 18ರಂದು ಸಹಿ ಬಿತ್ತು. ಮೇ 1ರಿಂದ ಅದು ಜಾರಿಗೆ ಬಂತು. ವ್ಯಾಪಾರದವರು ಇದನ್ನು ‘ಸೆಪಾ’ (ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ) ಎನ್ನುತ್ತಾರೆ. ಅದಕ್ಕೂ ಮೊದಲು ಅಲ್ಲಿಗೆ ಹೋಗುವ ಸಿದ್ಧ ಉಡುಪಿಗೆ ಶೇ 5 ಸುಂಕ ಇತ್ತು. ಈಗ ನಮ್ಮ ಮಾಲಿಗೆ ಸೊನ್ನೆ. ದುಬೈ ಮುಟ್ಟುವಾಗ ನಿಮ್ಮ ಪ್ಯಾಂಟಿನ ಬೆಲೆ 500 ರೂಪಾಯಿ ಅಂದುಕೊಳ್ಳಿ. ಒಂದು ಪ್ಯಾಂಟಿಗೆ 25 ರೂಪಾಯಿ ಉಳಿಯುತ್ತದೆ. 2,000 ಪ್ಯಾಂಟಿಗೆ 50,000 ರೂಪಾಯಿ.

ಆದರೆ ಆ ದುಡ್ಡು ಉಳಿಯುವುದು ನಿಮಗಲ್ಲ. ಸುಂಕ ಕಟ್ಟುವವರು ಅಲ್ಲಿ ಮಾಲು ತರಿಸಿಕೊಳ್ಳುವವರು. ಹಾಗಾಗಿ ಉಳಿತಾಯ ಮೊದಲು ಅವರ ಜೇಬಿಗೆ ಹೋಗುತ್ತದೆ. ನೀವು ಸುಮ್ನೆ ಇದ್ದರೆ ಅಲ್ಲೇ ಉಳಿಯುತ್ತದೆ. ಬೆಲೆ ಮಾತಾಡುವಾಗಲೇ ಕೇಳಿ: ‘ಒಪ್ಪಂದ ಇಲ್ಲದ ದೇಶದಿಂದ ತರಿಸಿದರೆ ನೀವು ಶೇ 5 ಕಟ್ಟಬೇಕು. ನಾನು ಪ್ರಮಾಣಪತ್ರ ಮಾಡಿಸಿ ಕೊಡುತ್ತೇನೆ. ಅದರಲ್ಲಿ ನನಗೂ ಪಾಲು ಬೇಕು.’ ಅರ್ಧ ಸಿಕ್ಕರೂ ಪ್ಯಾಂಟಿಗೆ 12 ರೂಪಾಯಿ ಮೇಲಾಯಿತು. ಹೊಲಿಗೆ ಕೂಲಿಯನ್ನು ರೂಪಾಯಿ ರೂಪಾಯಿ ಲೆಕ್ಕ ಹಾಕುವವರಿಗೆ ಇದರ ಬೆಲೆ ಗೊತ್ತು, ಅಲ್ವಾ? ನನ್ನ ಹತ್ತಿರ ಸಲಹೆ ಕೇಳಲು ಬರುವ ಸಣ್ಣ ರಫ್ತುದಾರರಲ್ಲಿ ಹೆಚ್ಚಿನವರು ಈ ಮಾತನ್ನು ಎತ್ತುವುದೇ ಇಲ್ಲ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಪಾಲು ಕೇಳಬೇಕಾದರೆ ಪ್ರಮಾಣಪತ್ರ ನಿಮ್ಮ ಕೈಯಲ್ಲಿರಬೇಕು. ಸೊನ್ನೆ ಸುಂಕ ತಾನಾಗಿ ಸಿಗುವುದಿಲ್ಲ. ಮಾಲು ಭಾರತದ್ದೇ ಎಂದು ತೋರಿಸುವ ‘ಸರ್ಟಿಫಿಕೇಟ್ ಆಫ್ ಒರಿಜಿನ್’ ಬೇಕು. ಇದರಲ್ಲಿ ಎರಡು ಬಗೆ ಇವೆ. ಒಪ್ಪಂದದ ರಿಯಾಯಿತಿ ಸಿಗುವುದು ‘ಪ್ರಿಫರೆನ್ಷಿಯಲ್’ ಪತ್ರಕ್ಕೆ ಮಾತ್ರ. ‘ನಾನ್ ಪ್ರಿಫರೆನ್ಷಿಯಲ್’ ಪತ್ರ ತೆಗೆದುಕೊಂಡು ಹೋದರೆ ಅಲ್ಲಿ ಪೂರ್ತಿ ಸುಂಕ ಬೀಳುತ್ತದೆ. ಎರಡೂ ಹೆಸರು ಒಂದೇ ಥರ ಕೇಳಿಸುವುದರಿಂದ ಹೊಸಬರು ಇಲ್ಲಿ ಎಡವುತ್ತಾರೆ. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿಯ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮಾಲು ಹೊರಡುವ ಮೊದಲೇ ಹಾಕಿಬಿಡಿ.

ಅರ್ಜಿಯಲ್ಲಿ ಎಚ್‌ಎಸ್ ಕೋಡ್, ಅಂದರೆ ಸರಕು ಯಾವುದೆಂದು ಗುರುತಿಸುವ ಸಂಖ್ಯೆ, ಕೇಳುತ್ತಾರೆ. ಗಂಡಸರ ಹತ್ತಿ ಪ್ಯಾಂಟಿಗೆ 620342, ಹೆಂಗಸರದ್ದಕ್ಕೆ 620462. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಪತ್ರ), ಪ್ರಮಾಣಪತ್ರ ಮೂರರಲ್ಲೂ ಕೋಡ್ ಒಂದೇ ಇರಬೇಕು. ಒಂದರಲ್ಲಿ ತಪ್ಪಾದರೂ ಕಸ್ಟಮ್ಸ್‌ನವರು ಮಾಲು ತಡೆಯಬಹುದು.

ಇನ್ನು ಬಟ್ಟೆಯ ವಿಷಯ. ಹೊಲಿದದ್ದು ಬಳ್ಳಾರಿಯಲ್ಲಿ ಅಂದರೆ ಸಾಲದು. ಒಪ್ಪಂದದಲ್ಲಿ ಒಂದೊಂದು ಕೋಡ್‌ಗೂ ಮೂಲದ ನಿಯಮ, ಅಂದರೆ ಮಾಲು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮ, ಇದೆ. ಬಹಳಷ್ಟು ಸರಕಿಗೆ ಬೆಲೆಯ ಶೇ 40ರಷ್ಟಾದರೂ ಇಲ್ಲಿ ಸೇರಿರಬೇಕು ಎಂಬ ಲೆಕ್ಕ ಬರುತ್ತದೆ. ನಿಮ್ಮ ಡೆನಿಮ್ ಅಹಮದಾಬಾದ್ ಕಡೆಯ ಮಿಲ್ಲಿನದಾದರೆ ಚಿಂತೆ ಇಲ್ಲ. ಚೀನಾದ ಬಟ್ಟೆಯಾದರೆ ನಿಮ್ಮ ಕೋಡ್‌ನ ನಿಯಮ ಓದಿಯೇ ಆರ್ಡರ್ ಒಪ್ಪಿಕೊಳ್ಳಿ. ಬಟ್ಟೆ, ದಾರ, ಜಿಪ್, ಗುಂಡಿ, ವಾಷಿಂಗ್ ಜಾಬ್‌ವರ್ಕ್, ಎಲ್ಲದರ ಬಿಲ್ ಇಟ್ಟುಕೊಳ್ಳಿ. ನಮ್ಮ ಊರುಗಳಲ್ಲಿ ವಾಷಿಂಗ್ ಕೆಲಸ ಎಷ್ಟೋ ಸಲ ಬಾಯಿಮಾತಿನಲ್ಲೇ ಮುಗಿಯುತ್ತದೆ. ರಫ್ತಿಗೆ ಅದು ನಡೆಯುವುದಿಲ್ಲ. ಬಿಲ್ ಇಲ್ಲದ ಖರ್ಚನ್ನು ಆ ಶೇ 40ರಲ್ಲಿ ತೋರಿಸಲು ಆಗುವುದಿಲ್ಲ.

ಉಳಿದದ್ದು ಎಲ್ಲ ರಫ್ತುದಾರರೂ ಮಾಡುವ ಕೆಲಸ. 500 ರೂಪಾಯಿ ಶುಲ್ಕ ಕಟ್ಟಿ ಆಮದು-ರಫ್ತಿಗೆ ಬೇಕಾದ ಐಇಸಿ ನಂಬರ್ ಪಡೆಯಿರಿ. ಜಿಎಸ್‌ಟಿಯಲ್ಲಿ ಎಲ್‌ಯುಟಿ (ಮಾಲು ರಫ್ತು ಮಾಡುತ್ತೇನೆ ಎಂಬ ಮುಚ್ಚಳಿಕೆ ಪತ್ರ) ಸಲ್ಲಿಸಿ, ತೆರಿಗೆ ಕಟ್ಟದೆ ಮಾಲು ಕಳಿಸಬಹುದು. ವಿದೇಶದ ಹಣ ಬರುವ ನಿಮ್ಮ ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆ, ಅಂದರೆ ಎಡಿ ಕೋಡ್ ಅನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸಿ. ಮೊದಲ ಆರ್ಡರ್ ಅಲ್ವಾ, ಮುಂಗಡ ತೆಗೆದುಕೊಳ್ಳದೆ ಮಾಲು ಬಿಡಬೇಡಿ. ಸಾಲದ ಮೇಲೆ ಕೊಡಲೇಬೇಕಾದರೆ ಕೊಳ್ಳುವವರು ದುಡ್ಡು ಕೊಡದಿದ್ದರೆ ನೆರವಾಗುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಿ.

ಇನ್ನೊಂದು ಮಾತು. ದುಬೈನವರು ನಿಮ್ಮ ಪ್ಯಾಂಟನ್ನು ಅಲ್ಲಿಂದ ಕೀನ್ಯಾಕ್ಕೋ ಬೇರೆಲ್ಲಿಗೋ ಕಳಿಸುವವರಾಗಿದ್ದರೆ ಈ ರಿಯಾಯಿತಿ ಅಲ್ಲಿ ನಡೆಯದು. ಒಪ್ಪಂದ ಎರಡು ದೇಶಗಳ ನಡುವಿನದು. ಮಾಲು ಕೊನೆಗೆ ಎಲ್ಲಿ ಮಾರಾಟವಾಗುತ್ತದೆ ಎಂದು ಕೇಳಿಕೊಳ್ಳಿ.

ಬಾಂಗ್ಲಾದೇಶದ ಪ್ರಶ್ನೆ ಸರಿಯಾಗಿದೆ. ಅವರ ದೊಡ್ಡ ಬಲ ಯೂರೋಪು. ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವುದರಿಂದ 2001ರಿಂದ ಅವರ ಉಡುಪಿಗೆ ಅಲ್ಲಿ ಸುಂಕವಿಲ್ಲ. ಆ ಪಟ್ಟಿಯಿಂದ ಹೊರಬರಲು ವಿಶ್ವಸಂಸ್ಥೆ ಅವರಿಗೆ ಗೊತ್ತು ಮಾಡಿದ ದಿನ 2026ರ ನವೆಂಬರ್ 24. ಹೊರಬಂದ ಮೇಲೂ ಯೂರೋಪು ಮೂರು ವರ್ಷ ಈ ರಿಯಾಯಿತಿ ಮುಂದುವರಿಸುತ್ತದೆ. ಯುಎಇಯಲ್ಲಿ ಮಾತ್ರ ಪರಿಸ್ಥಿತಿ ಬೇರೆ. 2022ರಲ್ಲಿ ನಮ್ಮ ಒಪ್ಪಂದ ಜಾರಿಗೆ ಬಂದಾಗ ಅವರಿಗೆ ಅಲ್ಲಿ ಇಂಥದ್ದು ಇರಲಿಲ್ಲ. ಹಾಗಾಗಿ ಮೊದಲ ಹೆಜ್ಜೆಗೆ ದುಬೈ ಒಳ್ಳೆಯ ಜಾಗ. ಆದರೆ ಲಕ್ಷಗಟ್ಟಲೆ ಪ್ಯಾಂಟಿನ ಆರ್ಡರ್‌ನಲ್ಲಿ ಅವರ ದೊಡ್ಡ ಕಾರ್ಖಾನೆಗಳ ಜೊತೆ ಬೆಲೆಗೆ ಪೈಪೋಟಿ ಮಾಡಬೇಡಿ. 1,000, 2,000 ಪ್ಯಾಂಟಿನ ಆರ್ಡರ್‌ಗಳು ನಿಮಗೆ ಹೊಂದುತ್ತವೆ. ಬ್ರಿಟನ್ ಕಡೆಯೂ ಒಂದು ಕಣ್ಣಿರಲಿ. 2025ರ ಜುಲೈ 24ರಂದು ಸಹಿಯಾದ ಒಪ್ಪಂದದಲ್ಲಿ ಉಡುಪಿನ ಮೇಲಿನ ಶೇ 12ರವರೆಗಿನ ಸುಂಕ ತೆಗೆಯುವ ಮಾತಿದೆ.

ಪ್ರಶ್ನೆ: ಯೂರೋಪಿನ ಜೊತೆ ಒಪ್ಪಂದವಾದರೆ ನಮ್ಮ ಚಿಕ್ಕಮಗಳೂರಿನ ಕಾಫಿಗೆ ಬೆಲೆ ಜಾಸ್ತಿ ಸಿಗುತ್ತದಾ?

ಉತ್ತರ: ಹುರಿಯದ ಬೀಜಕ್ಕೆ ಅಲ್ಲಿ ಈಗಾಗಲೇ ಸುಂಕವಿಲ್ಲ. ಒಪ್ಪಂದದಿಂದ ಅದರಲ್ಲಿ ವ್ಯತ್ಯಾಸ ಆಗದು. ಹುರಿದ ಕಾಫಿಗೆ ಅವರ ಸಾಮಾನ್ಯ ಸುಂಕ ಶೇ 7.5, ಇನ್‌ಸ್ಟಂಟ್ ಕಾಫಿಗೆ ಶೇ 9. ಅಂದರೆ ಬೀಜ ಕೊಟ್ಟರೆ ಬಾಗಿಲು ತೆರೆದಿದೆ, ಹುರಿದು ಕೊಟ್ಟರೆ ಅಡ್ಡ. ಬಡ ದೇಶಗಳು ಕಚ್ಚಾ ಮಾಲು ಮಾರಿಕೊಂಡೇ ಉಳಿಯಲು ಇದೂ ಒಂದು ಕಾರಣ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಒಪ್ಪಂದದಿಂದ ಲಾಭವಾದರೆ ಹುರಿದು ಪ್ಯಾಕ್ ಮಾಡುವವರಿಗೆ. ಬೆಳೆಗಾರರು ಈಗ ನೋಡಿಕೊಳ್ಳಬೇಕಾದದ್ದು ಯೂರೋಪಿನ 2023ರ ಅರಣ್ಯ ನಾಶ ತಡೆ ಕಾನೂನು. ಕಾಫಿ ಯಾವ ಜಾಗದಲ್ಲಿ ಬೆಳೆದದ್ದು ಎಂಬ ನಕ್ಷೆಯ ಗುರುತನ್ನು ಅದು ಕೇಳುತ್ತದೆ. ತೋಟದ ದಾಖಲೆ ಸರಿಯಾಗಿಟ್ಟುಕೊಳ್ಳಿ.

ಪ್ರಶ್ನೆ: ಸಕಲೇಶಪುರದ ಮೆಣಸು ಬೆಳೆಗಾರ ನಾನು. ಒಪ್ಪಂದಗಳಿಂದ ನಮಗೆ ನಷ್ಟವೇ ಆಗಿದೆಯಲ್ಲ?

ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. ಶ್ರೀಲಂಕಾ ಜೊತೆಗಿನ ಒಪ್ಪಂದ 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದಕ್ಕಿಂತ ಹೆಚ್ಚಾದರೆ ದಕ್ಷಿಣ ಏಷ್ಯಾ ಒಪ್ಪಂದದಲ್ಲಿ ಶೇ 8 ಸುಂಕ. ವಿಯೆಟ್ನಾಂ ಮೆಣಸಿಗೆ ನೇರವಾಗಿ ಬಂದರೆ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸುಂಕ. ಆದ್ದರಿಂದ ಅದು ಶ್ರೀಲಂಕಾದ ಹೆಸರಿನಲ್ಲಿ ಒಳಗೆ ಬರುತ್ತಿದೆ ಎಂದು ಕೊಡಗು, ಹಾಸನದ ಬೆಳೆಗಾರರು ದೂರುತ್ತಲೇ ಬಂದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಇಟ್ಟದ್ದು ಈ ಕೂಗಿನಿಂದಲೇ.

ಆಮೇಲೆ 2020ರ ಸೆಪ್ಟೆಂಬರ್ 21ರಿಂದ ಭಾರತಕ್ಕೆ ಬರುವ ಮಾಲಿಗೆ ಮೂಲದ ನಿಯಮ ಬಿಗಿಯಾಯಿತು. ಈಗ ಪ್ರಮಾಣಪತ್ರವೊಂದನ್ನೇ ತೋರಿಸಿ ರಿಯಾಯಿತಿ ಪಡೆಯಲು ಆಗುವುದಿಲ್ಲ. ಮಾಲು ನಿಜಕ್ಕೂ ಅಲ್ಲಿಯದೇ ಎಂಬ ವಿವರ ಆಮದುದಾರರ ಬಳಿ ಇರಬೇಕು. ಕಸ್ಟಮ್ಸ್‌ನವರು ಕೇಳಿದಾಗ ಕೊಡಬೇಕು. ಬಳ್ಳಾರಿಯವರಿಗೆ ನಾನು ಜೋಪಾನ ಮಾಡಿ ಎಂದ ಬಿಲ್‌ಗಳಿಗೂ ನಿಮ್ಮ ಮೆಣಸಿನ ಬೆಲೆಗೂ ಇರುವ ಸಂಬಂಧ ಇದೇ. ನಿಮ್ಮ ಬೆಳೆಗಾರರ ಸಂಘ ಆಮದಿನ ಅಂಕಿಅಂಶವನ್ನು ತಿಂಗಳು ತಿಂಗಳು ನೋಡುತ್ತಿರಲಿ. ವಾಣಿಜ್ಯ ಸಚಿವಾಲಯ ಅದನ್ನು ಆನ್‌ಲೈನ್‌ನಲ್ಲಿ ಪ್ರಕಟಿಸುತ್ತದೆ. ಶ್ರೀಲಂಕಾದಿಂದ ಬರುವ ಪ್ರಮಾಣ ಏಕಾಏಕಿ ಏರಿದರೆ, ಆ ಅಂಕಿಗಳ ಜೊತೆಗೇ ದೂರು ಕೊಡಿ.